ಹೊಲದ ಬೇಲಿ ಮತ್ತು ಅಹಿಂಸಾಣುವ್ರತ

ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಕನು ಆಹಾರವನ್ನಷ್ಟೇ ಅಲ್ಲದೆ ಆರಂಭವನ್ನೂ ತ್ಯಜಿಸತಕ್ಕದ್ದೆಂದು ಶ್ರಾವಕಾಚಾರ ಗ್ರಂಥಗಳು ವಿಧಿಸುತ್ತವೆ. ಅಂದು ಅವನು ಒಲೆ ಹೊತ್ತಿಸುವುದಿಲ್ಲ, ನೇಗಿಲು ಹೂಡುವುದಿಲ್ಲ; ಬಸದಿಯಲ್ಲಿ ಜಪ, ಸ್ವಾಧ್ಯಾಯಗಳಲ್ಲಿ ಕಾಲ ಕಳೆಯುತ್ತಾನೆ. ಆದರೆ ಅದೇ ರಾತ್ರಿ ಅವನ ಹೊಲದ ಬದುವಿಗೆ ಕಟ್ಟಿದ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿದ್ದು, ಬೆಳಗಾಗುವುದರೊಳಗೆ ಅಲ್ಲೊಂದು ಕಾಡುಹಂದಿ ಸತ್ತು ಬಿದ್ದರೆ ಆ ಉಪವಾಸದ ಗತಿಯೇನು? ಅವನ ಕೈ ಅಲುಗಲಿಲ್ಲ. ಆದರೂ ಕೊಲೆ ನಡೆಯಿತು. ಬೇಸಾಯವನ್ನು ನೆಚ್ಚಿದ ಜೈನ ಕುಟುಂಬಗಳು ಈ ಪ್ರಶ್ನೆಯನ್ನು ಎದುರಿಸಲೇಬೇಕಾಗಿದೆ.

ಹೊಲದ ಸ್ಥಿತಿ

ವಿಜಯಪುರ ನಗರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹಬ್ಬಿರುವುದು ಎರೆಮಣ್ಣಿನ ಬಯಲು. ಡೋಣಿ ಹೊಳೆಯ ಸೀಮೆ ಬೆಳೆದರೆ ಓಣಿ ತುಂಬ ಕಾಳು ಎಂಬ ಭಾವನೆ ಈ ಭಾಗದಲ್ಲಿ ಹಿಂದಿನಿಂದಲೂ ಉಂಟು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಇಲ್ಲಿಯ ಹಳೆಯ ಬೆಳೆಗಳು. ಮುಳವಾಡ ಹಾಗೂ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಬಂದ ಮೇಲೆ ಕಬ್ಬು, ಗೋವಿನಜೋಳ, ದ್ರಾಕ್ಷಿಗಳು ಹೆಚ್ಚಿದವು. ರೈತನ ಬಾಳು ಹಸನಾಯಿತು. ಆದರೆ ದಟ್ಟವಾದ ಕಬ್ಬು ಕಾಡುಹಂದಿಗೆ ಮರೆಯೂ ಆಯಿತು, ಮೇವೂ ಆಯಿತು. ಬಯಲುಸೀಮೆಯ ಚಿಗರಿ, ಎಂದರೆ ಕೃಷ್ಣಮೃಗ, ಎಳೆಯ ಪೈರನ್ನು ಹಿಂಡುಗಟ್ಟಿ ಮೇಯುತ್ತದೆ. ಬೀಜ, ಗೊಬ್ಬರ, ಆಳಿನ ಕೂಲಿಗೆ ಸಾಲ ಮಾಡಿದ ರೈತನಿಗೆ ಒಂದು ರಾತ್ರಿಯ ನಷ್ಟವೂ ಸಣ್ಣದಲ್ಲ. ಅವನ ಸಂಕಟವನ್ನು ಅರಿಯದೆ ಅಹಿಂಸೆಯನ್ನು ಬೋಧಿಸುವುದು ಉಚಿತವಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕೃಷ್ಣಮೃಗವನ್ನು ಹಿಡಿದು ತಿನ್ನುತ್ತಿದ್ದ ಚೀತಾ ಭಾರತದಲ್ಲಿ ನಶಿಸಿತೆಂದು 1952ರಲ್ಲಿ ಸಾರಲಾಯಿತು. ಬಯಲಿನ ತೋಳವೂ ವಿರಳವಾಯಿತು. ಹುಲ್ಲುಗಾವಲುಗಳು ಉಳುಮೆಗೆ ಬಂದವು. ಹೊರದೇಶದಲ್ಲಿಯೂ ಇಂಥದೇ ಸಂಗತಿ ನಡೆದಿದೆ. ಅಮೆರಿಕದ ಯೆಲ್ಲೊಸ್ಟೋನ್ ಪ್ರದೇಶದಲ್ಲಿ 1926ರ ಹೊತ್ತಿಗೆ ತೋಳಗಳನ್ನು ನಿರ್ಮೂಲ ಮಾಡಿದ್ದರಿಂದ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಹೆಚ್ಚಿ ಎಳೆಯ ಗಿಡಮರಗಳನ್ನು ಮೇದು ಹಾಕಿದವು. 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಡಬೇಕಾಯಿತು. ಮೊದಲು ಮನುಷ್ಯನು ತೋಳವನ್ನು ಕೊಂದನು, ಅನಂತರ ಜಿಂಕೆ ಹೆಚ್ಚಾಯಿತೆಂದು ದೂರಿದನು. ಮೃಗದ ಮೇಲೆ ಹೊರಿಸುವ ಅಪರಾಧದಲ್ಲಿ ಮನುಷ್ಯನ ಪಾಲೂ ಇದೆ.

ನಾಲ್ಕು ವಿಧದ ಹಿಂಸೆ

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ವಾಡಿಕೆ. ಅಡಿಗೆ, ಕಸ ಗುಡಿಸುವುದು ಮುಂತಾದ ಮನೆವಾರ್ತೆಯಲ್ಲಿ ಆಗುವುದು ಆರಂಭೀ; ಕೃಷಿ, ವಾಣಿಜ್ಯಗಳಲ್ಲಿ ಆಗುವುದು ಉದ್ಯೋಗೀ; ಮೇಲೆ ಬೀಳುವವನನ್ನು ತಡೆಯುವಾಗ ಆಗುವುದು ವಿರೋಧೀ; ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಅಣುವ್ರತಿಯು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಿ, ಉಳಿದ ಮೂರನ್ನು ಯತ್ನಾಚಾರದಿಂದ ಕುಗ್ಗಿಸುತ್ತ ಹೋಗಬೇಕು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಈ ವ್ರತವನ್ನು ನಿರೂಪಿಸುವಾಗ ಸಂಕಲ್ಪವನ್ನೇ ಮುಂದಿಟ್ಟಿದ್ದಾರೆ. ಮನ, ವಚನ, ಕಾಯಗಳ ಮೂಲಕ ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಇವೆಲ್ಲವನ್ನೂ ಅದರಲ್ಲಿ ಸೇರಿಸಿದ್ದಾರೆ.

ಈ ಅಳತೆಯಿಂದ ಹೊಲವನ್ನು ನೋಡಬೇಕು. ಅಟ್ಟವೇರಿ ಕೂಗುವುದು, ಡಬ್ಬಿ ಬಡಿಯುವುದು, ದೀಪ ತೋರಿಸುವುದು ರಕ್ಷಣೆ. ಮೈಮೇಲೆ ಏರಿ ಬಂದ ಹಂದಿಯನ್ನು ಪ್ರಾಣರಕ್ಷಣೆಗಾಗಿ ಬಡಿಗೆಯಿಂದ ಹೊಡೆಯುವುದು ವಿರೋಧೀ ಹಿಂಸೆ; ಅದಕ್ಕೂ ಆಲೋಚನೆ, ಪ್ರಾಯಶ್ಚಿತ್ತ ಉಂಟು, ಆದರೆ ವ್ರತಭಂಗವಿಲ್ಲ. ಉರುಲು ಹಾಕುವುದು, ಆಹಾರದೊಳಗೆ ವಿಷ ಅಥವಾ ಸಿಡಿಮದ್ದು ಇಡುವುದು, ಕಂಬದಿಂದ ನೇರವಾಗಿ ಬೇಲಿಗೆ ವಿದ್ಯುತ್ತು ಹಾಯಿಸುವುದು ಬೇರೆ ಬಗೆಯವು. ಅವನ್ನು ಹೂಡುವಾಗ ಎದುರಿಗೆ ಯಾವ ಮೃಗವೂ ಇರುವುದಿಲ್ಲ. ಇರುವುದು ಕೊಲ್ಲುವ ಸಂಕಲ್ಪ ಮಾತ್ರ. ಆದುದರಿಂದ ಇವನ್ನು ವಿರೋಧೀ ಎಂದು ಕರೆಯಲಾಗದು.

ಶಂಕೆ ಮತ್ತು ಸಮಾಧಾನ

*ಶಂಕೆ:* ಉಳುಮೆಯಲ್ಲಿ ಅಸಂಖ್ಯಾತ ಜೀವಿಗಳು ಸಾಯುತ್ತವೆ. ಅದನ್ನು ಸಹಿಸುವ ಶಾಸ್ತ್ರವು ಒಂದು ಹಂದಿಯನ್ನು ಕೊಂದರೆ ದೋಷವೆನ್ನುವುದೇಕೆ?

*ಸಮಾಧಾನ:* ಕೃಷಿಯು ಭಗವಾನ್ ಋಷಭದೇವರು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಒಂದು. ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಕೃಷಿಕ ಮತ್ತು ಬೆಸ್ತನ ನಿದರ್ಶನ ಕೊಟ್ಟಿದ್ದಾರೆ. ಬೆಸ್ತನ ಬಲೆಗೆ ಅಂದು ಮೀನು ಬೀಳದಿದ್ದರೂ ಅವನ ಭಾವ ಕೊಲೆಯದು. ಕೃಷಿಕನ ನೇಗಿಲಿಗೆ ಜೀವಿಗಳು ಸಿಕ್ಕಿದರೂ ಅವನ ಭಾವ ಬೆಳೆಯದು. ಬೇಲಿಗೆ ಕೊಲ್ಲುವ ತಂತಿ ಕಟ್ಟಿದ ದಿನ ಆ ಕೃಷಿಕನೇ ಬೆಸ್ತನ ಸ್ಥಾನಕ್ಕೆ ಬರುತ್ತಾನೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಕ್ ಜನ್ಮಗಳಲ್ಲಿ ತೊಳಲಿದರು.

*ಶಂಕೆ:* ಒಂದು ಮೃಗವನ್ನು ಕೊಂದರೆ ಹಲವು ಕುಟುಂಬಗಳ ಅನ್ನ ಉಳಿಯುವುದಲ್ಲವೆ?

*ಸಮಾಧಾನ:* ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನೇ ಎತ್ತಿಕೊಂಡಿದ್ದಾರೆ. ಒಂದನ್ನು ಕೊಂದರೆ ಅನೇಕ ಜೀವಗಳು ಉಳಿಯುವುವೆಂದು ಬಗೆದು ಹಿಂಸ್ರಪ್ರಾಣಿಯನ್ನೂ ಕೊಲ್ಲಬಾರದೆಂಬುದು ಅವರ ನಿರ್ಣಯ. ಜೀವಗಳನ್ನೇ ತಿನ್ನುವ ಪ್ರಾಣಿಗೆ ಈ ರಕ್ಷಣೆಯಿರುವಾಗ ಪೈರು ಮೇಯುವ ಚಿಗರಿಗೆ ಇಲ್ಲವೆನ್ನುವುದು ಹೇಗೆ? ಬಿಹಾರದ ಮೊಕಾಮಾದಲ್ಲಿ 2016ರ ಜೂನ್‌ನಲ್ಲಿ ಬೆಳೆಹಾನಿಯ ಕಾರಣಕ್ಕೆ ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊರಗಿನಿಂದ ಕರೆಸಿದ ಬೇಟೆಗಾರರು ಗುಂಡಿಕ್ಕಿ ಕೊಂದರು. ಅದಕ್ಕೆ ಸರಕಾರದ ಅನುಮತಿಯಿದ್ದಿತು. ಆದರೆ ಕಾನೂನಿನ ಅನುಮತಿಯು ವ್ರತಿಗೆ ಅನುಮತಿಯಾಗದು. ಹಾಗೆ ಕೊಲ್ಲಿಸುವುದು ಕಾರಿತ. ಕೊಂದುದನ್ನು ಕೇಳಿ ಒಳ್ಳೆಯದಾಯಿತೆನ್ನುವುದು ಅನುಮೋದಿತ.

*ಶಂಕೆ:* ನೆರೆಹೊಲದವನು ಉರುಲಿಗೆ ತಂತಿ ಕೇಳಿದರೆ ಕೊಡಬಹುದೆ?

*ಸಮಾಧಾನ:* ಕೂಡದು. ಕೊಲೆಯ ಉಪಕರಣವನ್ನು ಕೊಡುವುದು ಹಿಂಸಾದಾನ. ಅದು ಐದು ಅನರ್ಥದಂಡಗಳಲ್ಲಿ ಒಂದು.

*ಶಂಕೆ:* ಬೇಲಿ ಹಾಕಿ ಮೃಗವನ್ನು ತಡೆದರೆ ಅನ್ನಪಾನನಿರೋಧವೆಂಬ ಅತಿಚಾರವಾಗದೆ?

*ಸಮಾಧಾನ:* ಆ ಅತಿಚಾರವು ಮುಖ್ಯವಾಗಿ ತನ್ನ ವಶದಲ್ಲಿರುವ ಜೀವಿಗೆ ಸಂಬಂಧಿಸಿದ್ದು. ಕೊಟ್ಟಿಗೆಯ ಎತ್ತಿಗೆ ಬೇರೆ ದಾರಿಯಿಲ್ಲ. ಅಡವಿಯ ಚಿಗರಿಗೆ ಉಂಟು. ಆದರೆ ಗೋಮಾಳ, ಹುಲ್ಲುಬನ್ನಿಗಳನ್ನೆಲ್ಲ ಒತ್ತುವರಿ ಮಾಡಿದರೆ ಆ ದಾರಿಯನ್ನೂ ಮುಚ್ಚಿದಂತಾಗುತ್ತದೆ. ಪರಿಗ್ರಹ ಪರಿಮಾಣದಲ್ಲಿ ಕ್ಷೇತ್ರಕ್ಕೆ ಮಿತಿ ಹೇಳಿರುವುದನ್ನು ಇಲ್ಲಿ ನೆನೆಯಬೇಕು.

ಮಾಡತಕ್ಕ ಕಾರ್ಯ

ಬೇಡವೆಂದಷ್ಟೇ ಹೇಳಿದರೆ ರೈತನ ಹೊಲ ಉಳಿಯದು. ಹಿರಿಯರು ಜೋಳದ ಹೊಲದ ಅಂಚಿಗೆ ಮುಳ್ಳುಳ್ಳ ಕುಸುಬೆಯನ್ನು ಸಾಲು ಬಿತ್ತಿ ದನಗಳನ್ನು ತಡೆಯುತ್ತಿದ್ದರು; ಆ ಸಾಲು ಇಂದಿಗೂ ಒಳ್ಳೆಯದು. ಸೌರಶಕ್ತಿಯ ಬೇಲಿಯು ಕ್ಷಣಮಾತ್ರದ ಆಘಾತ ಕೊಟ್ಟು, ನಡುವೆ ಬಿಡುವು ಬಿಟ್ಟು, ಮೃಗವನ್ನು ಹಿಮ್ಮೆಟ್ಟಿಸುತ್ತದೆಯೇ ಹೊರತು ಸರಿಯಾಗಿ ಅಳವಡಿಸಿದಲ್ಲಿ ಕೊಲ್ಲುವುದಿಲ್ಲ. ಕಂಬದಿಂದ ನೇರವಾಗಿ ಎಳೆದ ತಂತಿಯು ಮೃಗವನ್ನೂ, ದನವನ್ನೂ, ರಾತ್ರಿ ನೀರು ಹಾಯಿಸಲು ಬಂದ ಮನುಷ್ಯನನ್ನೂ ಕೊಲ್ಲಬಲ್ಲದು. ಅಕ್ಕಪಕ್ಕದ ರೈತರು ಸರದಿಯಂತೆ ಕಾವಲು ಹೂಡಬಹುದು. ಹಾನಿಯಾದಲ್ಲಿ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕೃಷ್ಣಮೃಗವು ಮೊದಲನೆಯ ಅನುಸೂಚಿಗೆ ಸೇರಿದ್ದು, ಅದನ್ನು ಕೊಂದವನಿಗೆ 3 ರಿಂದ 7 ವರ್ಷಗಳ ಸೆರೆವಾಸವಿದೆಯೆಂಬುದನ್ನೂ ಅರಿತಿರಬೇಕು.

ಇದಕ್ಕೆಲ್ಲ ಹಣ ಬೇಕು. ಇಲ್ಲಿ ನಗರದ ಶ್ರಾವಕರ ಹೊಣೆ ಬರುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯದಾನವನ್ನು ಬಹುವಾಗಿ ಕೊಂಡಾಡುವುದುಂಟು. ಆದರೆ ವಿಜಯಪುರದ ಮನೆಯಲ್ಲಿ ಕುಳಿತು, ತಿಕೋಟಾದ ರೈತನ ಪೈರಿನಿಂದ ಚಿಗರಿಗೆ ಅಭಯ ಕೊಡುವುದು ದಾನವಲ್ಲ. ಪರರ ಸ್ವತ್ತನ್ನು ಕೊಟ್ಟು ಪುಣ್ಯ ಬಯಸಿದಂತೆ. ಸಹಸ್ರಫಣಿ ಪಾರ್ಶ್ವನಾಥನ ದರ್ಶನಕ್ಕೆ ಹೋಗುವ ಕುಟುಂಬಗಳು ದಶಲಕ್ಷಣ ಪರ್ವದ ಉಪವಾಸಗಳಲ್ಲಿ ಉಳಿದ ಊಟದ ವೆಚ್ಚವನ್ನು ಕೂಡಿಸಿ ಒಬ್ಬ ಬಡ ರೈತನ ಹೊಲಕ್ಕೆ ಸೌರಬೇಲಿ ಹಾಕಿಸಿದರೆ ಅದು ನಿಜವಾದ ಅಭಯದಾನ. ಅದರಿಂದ ರೈತನಿಗೂ ಅಭಯ, ಮೃಗಕ್ಕೂ ಅಭಯ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವ ಈ ನಾಡಿನ ಒಕ್ಕಲಿಗನಿಗೆ ಬೆಳೆಯಲ್ಲಿ ಇತರರ ಪಾಲೂ ಇದೆಯೆಂಬ ಮಾತು ಹೊಸದಲ್ಲ.

ವಿಮಲನಾಥ ತೀರ್ಥಂಕರರ ಲಾಂಛನ ವರಾಹ, ಶಾಂತಿನಾಥರದು ಜಿಂಕೆ. ಅಭಿಷೇಕದ ವೇಳೆ ಪೀಠದ ಮೇಲೆ ಕಾಣುವ ಆ ಆಕೃತಿಗಳೇ ರಾತ್ರಿ ಹೊಲದ ಬದುವಿನ ಮೇಲೆ ನಡೆದು ಬರುತ್ತವೆ. ಯಮಪಾಲನೆಂಬ ಮಾತಂಗನು ಚತುರ್ದಶಿಯಂದು ಕೊಲ್ಲೆನೆಂಬ ಒಂದೇ ನಿಯಮವನ್ನು ಹಿಡಿದು, ರಾಜಾಜ್ಞೆಗೂ ಮಣಿಯದೆ ಅಹಿಂಸಾವ್ರತಕ್ಕೆ ನಿದರ್ಶನನಾದನು. ಕೃಷಿಕ ಶ್ರಾವಕನು ಮುಂದಿನ ಚತುರ್ದಶಿಗೆ ಉಪವಾಸವನ್ನು ಸಂಕಲ್ಪಿಸುವ ಮುನ್ನ ಹೊಲಕ್ಕೊಮ್ಮೆ ಹೋಗಿ ಕೊಲ್ಲುವ ತಂತಿಯನ್ನು ಬಿಚ್ಚಿ ಬರಲಿ. ವ್ರತದ ಆರಂಭ ಅಲ್ಲಿಂದಾಗಲಿ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ವಿರೋಧೀ ಹಿಂಸೆಗೂ ಸಂಕಲ್ಪೀ ಹಿಂಸೆಗೂ ಹೊಲದ ಉದಾಹರಣೆಯಿಂದ ಭೇದವನ್ನು ತಿಳಿಸಿರಿ.
2. ಕೂಲಿ ಕೊಟ್ಟು ಮೃಗವನ್ನು ಕೊಲ್ಲಿಸಿದವನಿಗೆ ಯಾವ ದೋಷ? ಕೇಳಿ ಸಂತೋಷಪಟ್ಟವನಿಗೆ ಯಾವುದು?
3. ಕೃಷಿಕ ಮತ್ತು ಬೆಸ್ತನ ನಿದರ್ಶನದ ತಾತ್ಪರ್ಯವೇನು?
4. ಪರರ ನಷ್ಟದಿಂದ ಮಾಡಿದ ಅಭಯದಾನವು ದಾನವೇಕೆ ಆಗದು?