ಇನ್ನೂರೊಂದನೇ ಯೂನಿಟ್‌ನ ಬೆಲೆ

ಒಂದು ಬೇಸಿಗೆಯಲ್ಲಿ ನಿಟ್ಟೆಯ ನಮ್ಮ ಮನೆಗೆ ಬಂದ ಕರೆಂಟ್ ಬಿಲ್ ನೋಡಿ ಎಲ್ಲರ ಸಂಶಯ ಹೋದದ್ದು ಫ್ರಿಜ್ಜಿನ ಮೇಲೆ. ಹಳತಾಯಿತು, ಗುಜರಿಗೆ ಕೊಡುವ ಎಂಬ ತೀರ್ಮಾನವೂ ಆಯಿತು. ಕೊಡುವ ಮೊದಲು ಒಂದು ಬೆಳಿಗ್ಗೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಮೀಟರಿನ ಎದುರು ನಿಂತೆ. ಕೆಂಪು ದೀಪ ಮಿನುಗಲಿಲ್ಲ. ವಯರಿಂಗಿನಲ್ಲಿ ಸೋರಿಕೆ ಇಲ್ಲ ಎಂದಾಯಿತು. ಫ್ರಿಜ್ ಹಾಕಿದಾಗ ಸಾವಕಾಶವಾಗಿ ಮಿನುಗಿತು. ಬಾವಿಯ ಪಂಪ್ ಹಾಕಿದ್ದೇ ತಡ, ದೀಪ ಪಟಪಟನೆ ಹೊಡೆದುಕೊಳ್ಳಲು ತೊಡಗಿತು. ಅದು ಸಹಜವೇ. ಸಹಜವಲ್ಲದ್ದು ಬೇರೆ: ಅರ್ಧ ಗಂಟೆಯಲ್ಲಿ ತುಂಬುತ್ತಿದ್ದ ಟ್ಯಾಂಕಿಗೆ ಈಗ ಎರಡು ಗಂಟೆ ಬೇಕಾಗುತ್ತಿತ್ತು. ಮಣ್ಣಿನಡಿ ಪೈಪಿನ ಜಾಯಿಂಟ್ ಬಿಟ್ಟು ನೀರೆಲ್ಲ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಒಂದು ಎಚ್‌ಪಿ ಪಂಪ್ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ ಒಂದೂವರೆ ಗಂಟೆ ಜಾಸ್ತಿ ಎಂದರೆ ತಿಂಗಳಿಗೆ 45 ಯೂನಿಟ್. ಆ ವರ್ಷ ಬಾಳೆಗೊನೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಸೋಲಾರ್ ಹಾಕಿಸುವ ಯೋಚನೆ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಾಡಿನ ಮೇಲೆ ಹತ್ತುವ ಮೊದಲು ಮೀಟರಿನ ಎದುರು ನಿಲ್ಲಿ.

ಬಿಲ್ ಓದುವುದು

ನಮಗೆ ಕರೆಂಟ್ ಕೊಡುವ ಮೆಸ್ಕಾಂನ ಬಿಲ್ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಆ ಕಾಗದದ ಅಕ್ಷರ ನಾಲ್ಕು ತಿಂಗಳಲ್ಲಿ ಮಾಸಿಹೋಗುತ್ತದೆ. ಹನ್ನೆರಡು ತಿಂಗಳ ಬಳಕೆಯನ್ನು ಪಕ್ಕಪಕ್ಕ ಬರೆದುಕೊಳ್ಳದೆ ಮುಂದಿನ ಯಾವ ಲೆಕ್ಕವೂ ಆಗದು.

ಮೇಲ್ಗಡೆ ಇರುವ ಆರ್.ಆರ್. ಸಂಖ್ಯೆ ನಿಮ್ಮ ಸಂಪರ್ಕದ ಗುರುತು. ಅದರ ಜೊತೆಗಿರುವ ಹೆಸರನ್ನೂ ನೋಡಿ. ನಮ್ಮ ಕಡೆಯ ಎಷ್ಟೋ ಮನೆಗಳ ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿ, ಇಲ್ಲವೇ ಕುಟುಂಬದ ಹಿರಿಯ ದೊಡ್ಡಮ್ಮನ ಹೆಸರಿನಲ್ಲಿ ಬರುತ್ತಿದೆ. ಬಿಲ್ ಕಟ್ಟುವುದಕ್ಕೆ ಅದರಿಂದ ತೊಂದರೆ ಇಲ್ಲ. ಸೋಲಾರ್ ಸಬ್ಸಿಡಿ ಕೇಳಲು ಹೋದಾಗ ಅಲ್ಲೇ ಗಾಡಿ ನಿಲ್ಲುತ್ತದೆ.

ಆಮೇಲೆ ಮಂಜೂರಾದ ಲೋಡ್. ನಿಗದಿತ ಶುಲ್ಕ ಇದರ ಮೇಲೆ ಬೀಳುತ್ತದೆ, ದೀಪ ಉರಿಸಿದರೂ ಉರಿಸದಿದ್ದರೂ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದಂತೆ 2025ರ ಏಪ್ರಿಲ್‌ನಿಂದ ಗೃಹಬಳಕೆಗೆ ಇದು ಕಿಲೋವ್ಯಾಟಿಗೆ 145 ರೂಪಾಯಿ ಆಯಿತು, ಯೂನಿಟ್ ದರ 5 ರೂಪಾಯಿ 80 ಪೈಸೆ. ಇದರ ಮೇಲೆ 2025-26ರಲ್ಲಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು ಯೂನಿಟ್‌ಗೆ 36 ಪೈಸೆ, ವಿದ್ಯುತ್ ತೆರಿಗೆ ಶೇ 9 ಇತ್ತು. ತಿಂಗಳು ತಿಂಗಳಿಗೆ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ ಬೇರೆ. ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಪ್ರತ್ಯೇಕ ಆರ್.ಆರ್. ಸಂಖ್ಯೆ ಇರುವುದರಿಂದ ಅದನ್ನು ಈ ಲೆಕ್ಕಕ್ಕೆ ತರಬೇಡಿ.

ಗೃಹಜ್ಯೋತಿಯ ಗೆರೆ

2023ರ ಜುಲೈನಿಂದ ಜಾರಿಯಲ್ಲಿರುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯನ್ನು ಎಲ್ಲರೂ 'ಇನ್ನೂರು ಯೂನಿಟ್ ಉಚಿತ' ಎಂದೇ ಹೇಳುತ್ತಾರೆ. ಲೆಕ್ಕ ಅಷ್ಟು ಸರಳವಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದ್ದು ನಿಮ್ಮ ಪಾಲು. ಅದನ್ನು ದಾಟಿ ಇನ್ನೂರರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ದುಡ್ಡು. ಇನ್ನೂರು ದಾಟಿತೋ, ಇಡೀ ಬಿಲ್ ತಲೆಯ ಮೇಲೆ.

2025-26ರ ಆ ದರದಲ್ಲೇ ಲೆಕ್ಕ ಹಾಕೋಣ. 3 ಕಿಲೋವ್ಯಾಟ್ ಲೋಡ್ ಇರುವ ಮನೆ, ಹಳೆಯ ಸರಾಸರಿ 170, ಪಾಲು 187 ಎಂದಿಟ್ಟುಕೊಳ್ಳಿ. ಒಂದು ತಿಂಗಳು ಸರಿಯಾಗಿ 200 ಯೂನಿಟ್ ಉರಿಸಿದರೆ 13 ಯೂನಿಟ್‌ಗೆ ಕೊಡಬೇಕಾದ್ದು ತೊಂಬತ್ತು ರೂಪಾಯಿಯ ಆಸುಪಾಸು. ಅದೇ 201 ಆಯಿತೆನ್ನಿ: ನಿಗದಿತ ಶುಲ್ಕ 435, ಯೂನಿಟ್‌ಗಳಿಗೆ 1,166, ಪಿಂಚಣಿ ಬಾಬ್ತು 72, ತೆರಿಗೆ 105. ಒಟ್ಟು 1,778 ರೂಪಾಯಿ. ಕೊನೆಯ ಒಂದು ಯೂನಿಟ್‌ಗೆ ಹತ್ತಿರ ಹತ್ತಿರ 1,700 ಕೊಟ್ಟ ಹಾಗಾಯಿತು. ಇಷ್ಟು ದುಬಾರಿ ಕರೆಂಟ್ ಬೇರೆಲ್ಲಿ ಸಿಕ್ಕೀತು?

ಆದ್ದರಿಂದ ಬಿಲ್‌ನಲ್ಲಿ 220, 250 ಯೂನಿಟ್ ಎಂದು ಬರುವ ಮನೆಯವರು ಐವತ್ತು ಅರವತ್ತು ಯೂನಿಟ್ ಇಳಿಸಲು ಸಾಧ್ಯವೇ ಎಂದು ಮೊದಲು ನೋಡಬೇಕು. 2 ಕಿಲೋವ್ಯಾಟಿನ ಗೀಸರ್ ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹಿತ್ತಲಿನಲ್ಲಿ ಮಡಲು, ಗೆರಟೆ ರಾಶಿ ಬಿದ್ದಿರುವಾಗ ಬಚ್ಚಲಿನ ಹಂಡೆಯನ್ನು ಮೂಲೆಗೆ ತಳ್ಳಿ ಸ್ವಿಚ್ ಒತ್ತುವುದು ನನಗಂತೂ ಅರ್ಥವಾಗದ ನಾಗರಿಕತೆ. 75 ವ್ಯಾಟಿನ ನಾಲ್ಕು ಹಳೆಯ ಫ್ಯಾನುಗಳ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಬಂದರೆ, ದಿನಕ್ಕೆ ಹತ್ತು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 54 ಯೂನಿಟ್ ಉಳಿಯುತ್ತದೆ.

ಸೊನ್ನೆ ಬಿಲ್ ಬರುವ ಮನೆಗೆ ಸೋಲಾರ್‌ನಿಂದ ದುಡ್ಡಿನ ಲಾಭವಿಲ್ಲ. ಮಾರಲು ಬಂದವರು ಇದನ್ನು ಹೇಳುವುದಿಲ್ಲ.

ಸೋಲಾರ್ ಯಾರಿಗೆ?

ಎಸಿ ಹಾಕಿಸಿಕೊಂಡವರು, ಎರಡು ಸಂಸಾರ ಒಂದೇ ಮೀಟರಿನಲ್ಲಿ ಇರುವವರು, ಏನು ಮಾಡಿದರೂ ತಿಂಗಳಿಗೆ 250-300 ಯೂನಿಟ್ ದಾಟುವವರು ಧಾರಾಳವಾಗಿ ಯೋಚಿಸಬಹುದು. ಸೋಲಾರ್ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮಣಿಪಾಲದಲ್ಲಿ ಪ್ರಧಾನ ಕಚೇರಿ ಇದ್ದ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕಿನ ಜೊತೆಗೆ, 2003ರಲ್ಲೇ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಮನೆಗಳ ಸೋಲಾರ್ ದೀಪಕ್ಕೆ ಸಾಲ ಕೊಡಲು ಶುರುಮಾಡಿತ್ತು. ಅಂದಿನದು ಬ್ಯಾಟರಿಗೆ ತುಂಬಿಸಿ ರಾತ್ರಿ ಉರಿಸುವ ನಾಲ್ಕು ದೀಪಗಳ ಕಾಲ. ಇಂದಿನದು ಮೆಸ್ಕಾಂ ಲೈನಿಗೆ ಜೋಡಿಸುವ ಕ್ರಮ. ಹಗಲು ಉಳಿದದ್ದು ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದ್ದು ಲೈನಿನಿಂದ ಬರುತ್ತದೆ, ಎರಡೂ ಕಡೆ ಓಡುವ ಮೀಟರ್ ಲೆಕ್ಕ ಇಡುತ್ತದೆ.

ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ನೂರು ಚದರ ಅಡಿ ಬೇಕು. ವರ್ಷದ ಸರಾಸರಿ ತೆಗೆದರೆ ಅದು ತಿಂಗಳಿಗೆ ನೂರು ಯೂನಿಟ್‌ನ ಮೇಲೆ ಕೊಡುತ್ತದೆ. ಸರಾಸರಿ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಕಾರ್ಕಳದಲ್ಲಿ ಆಷಾಢದ ಉತ್ಪಾದನೆಗೂ ಮಾರ್ಚ್ ತಿಂಗಳದ್ದಕ್ಕೂ ಹೋಲಿಕೆಯೇ ಇಲ್ಲ. ಬಯಲುಸೀಮೆಯ ಮನೆಯೊಂದರ ಬಿಲ್ ತೋರಿಸಿ ಒಪ್ಪಿಸಲು ಬಂದರೆ ನಮ್ಮೂರಿನದ್ದೇ ತೋರಿಸಿ ಎನ್ನಿ.

ಸಬ್ಸಿಡಿ ಸಿಗುವುದು 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ. 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ. ಯೋಜನೆಯ ಅವಧಿ 2026-27ರವರೆಗೆ. 3 ಕಿಲೋವ್ಯಾಟಿಗೆ ಎರಡು ಲಕ್ಷದ ಆಸುಪಾಸು ಬೀಳುತ್ತದೆ ಎಂದಾದರೆ ಕೈಯಿಂದ ಹೋಗುವುದು ಒಂದು ಲಕ್ಷದ ಇಪ್ಪತ್ತು ಸಾವಿರ ಚಿಲ್ಲರೆ. 260 ಯೂನಿಟ್ ಬಳಸುವ ಮನೆಗೆ ಮಳೆಗಾಲದ ಕೊರತೆ ಕಳೆದು ವರ್ಷಕ್ಕೆ ಹದಿನಾರು ಹದಿನೇಳು ಸಾವಿರ ಉಳಿದರೆ, ಹಾಕಿದ್ದು ವಾಪಸಾಗಲು ಏಳೆಂಟು ವರ್ಷ. ನಿಗದಿತ ಶುಲ್ಕ ಸೋಲಾರ್ ಹಾಕಿದರೂ ತಪ್ಪುವುದಿಲ್ಲ. ಬಳಸಿ ಮಿಕ್ಕಿ ಲೈನಿಗೆ ಕೊಟ್ಟದ್ದಕ್ಕೆ ಸಿಗುವ ದರವೂ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ಹಾಗಾಗಿ ಬೇಕಾದದ್ದಕ್ಕಿಂತ ದೊಡ್ಡದು ಹಾಕಿಸಿ ಕರೆಂಟ್ ಮಾರುವ ಕನಸು ಬೇಡ.

ಹೆಜ್ಜೆಗಳು

ಮೊದಲು ಕಾರ್ಕಳದ ಮೆಸ್ಕಾಂ ಕಚೇರಿಯಲ್ಲಿ ಹೆಸರು ಬದಲಾವಣೆ ಮುಗಿಸಿ. ಬಿಲ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಆಗಿರಲಿ. ಗೃಹಜ್ಯೋತಿ ಫಲಾನುಭವಿಗಳು ಸೋಲಾರ್ ಮೀಟರ್ ಬಂದ ಮೇಲೆ ತಮ್ಮ ಬಿಲ್ ಹೇಗೆ ಬರುತ್ತದೆ ಎಂದು ಅಲ್ಲೇ ಕೇಳಿಕೊಳ್ಳಲಿ.

ನಂತರ ಸೂರ್ಯಘರ್ ಪೋರ್ಟಲ್‌ನಲ್ಲಿ ಕರ್ನಾಟಕ, ಮೆಸ್ಕಾಂ ಎಂದು ಆರಿಸಿ ಗ್ರಾಹಕ ಸಂಖ್ಯೆ ಕೊಟ್ಟು ಅರ್ಜಿ ಹಾಕಿ. ಅಲ್ಲಿ ನೋಂದಾಯಿತರಾದ ಮಾರಾಟಗಾರರಲ್ಲಿ ಮೂವರಿಂದಲಾದರೂ ದರಪಟ್ಟಿ ತರಿಸಿ. ದೇಶೀ ಸೆಲ್‌ಗಳ ಪ್ಯಾನೆಲ್ ಆಗಿದ್ದರೆ ಮಾತ್ರ ಸಬ್ಸಿಡಿ. ಅದು ದರಪಟ್ಟಿಯಲ್ಲೇ ಬರೆದಿರಲಿ. ಜೋಡಣೆ, ಮೆಸ್ಕಾಂ ತಪಾಸಣೆ, ಹೊಸ ಮೀಟರ್ ಇವೆಲ್ಲ ಆದ ಮೇಲಷ್ಟೇ ಸಬ್ಸಿಡಿ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸಬೇಕು, ಇಲ್ಲವೇ ಬ್ಯಾಂಕಿನ ಸೂರ್ಯಘರ್ ಸಾಲ ಕೇಳಬೇಕು.

ದರಪಟ್ಟಿಯಲ್ಲಿ ಅರ್ತಿಂಗ್ ಮತ್ತು ಸಿಡಿಲು ನಿರೋಧಕದ ಸಾಲು ಇದೆಯೇ ನೋಡಿ. ಏಪ್ರಿಲ್-ಮೇ ಸಿಡಿಲಿನ ಊರಿನಲ್ಲಿ ಆ ಸಾಲು ಬಿಟ್ಟು ಹತ್ತು ಸಾವಿರ ಕಡಿಮೆ ಮಾಡಿಕೊಡುವವರ ಉಪಕಾರ ಬೇಡ. ತಾರಸಿಯ ಮೇಲೆ ಮಳೆಗೆಂದು ಶೀಟಿನ ಮಾಡು ಹಾಕಿಸಿದ್ದರೆ ಅದರ ಕಬ್ಬಿಣ ಭಾರ ಮತ್ತು ಗಾಳಿ ತಡೆದೀತೇ ಎಂದು ವೆಲ್ಡರನಿಂದ ಪರೀಕ್ಷೆ ಮಾಡಿಸಿ. ಕಾಪು ಕಡೆಯವರಾದರೆ ಉಪ್ಪುಗಾಳಿಗೆ ತುಕ್ಕು ಹಿಡಿಯದ, ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಚೌಕಟ್ಟನ್ನೇ ಕೇಳಿ.

ಸೋಲಾರ್ ಇದ್ದರೆ ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆ ಎಂಬ ತಪ್ಪುಕಲ್ಪನೆ ನಮ್ಮ ನೆರೆಮನೆಯವರಿಗೂ ಇತ್ತು. ಲೈನಿನಲ್ಲಿ ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಸೋಲಾರ್ ತಾನೂ ನಿಲ್ಲುತ್ತದೆ, ನಡು ಮಧ್ಯಾಹ್ನವಾದರೂ. ತಂತಿ ಜೋಡಿಸಲು ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದೆಂದು ಹಾಗೆ ಮಾಡಿರುವುದು. ಜೂನ್‌ನಲ್ಲಿ ಮರ ಬಿದ್ದು ಎರಡು ದಿನ ಕತ್ತಲೆಯಾದರೆ ಹಳೆಯ ಇನ್ವರ್ಟರೇ ಗತಿ.

ಕೊನೆಯದಾಗಿ ತೆಂಗಿನಮರ. ಬೆಳಿಗ್ಗೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮಾಡಿನ ಮೇಲೆ ಹತ್ತಿ ನೆರಳು ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಒಂದು ಮಡಲಿನ ನೆರಳು ಸಾಲಿನ ಎಲ್ಲ ಪ್ಯಾನೆಲ್‌ಗಳ ಉತ್ಪಾದನೆಯನ್ನೂ ಇಳಿಸಬಲ್ಲದು. ಒಣಗಿದ ಕಾಯಿ ಬಿದ್ದರಂತೂ ಗಾಜು ಉಳಿಯುವುದಿಲ್ಲ. ಮರ ಕಡಿಯಲು ಮನಸ್ಸಿಲ್ಲದಿದ್ದರೆ ಪ್ಯಾನೆಲ್‌ಗೆ ಕೊಟ್ಟಿಗೆಯ ಮಾಡು ಆದೀತೇ ನೋಡಿ.