ಎಡಗಿವಿಗೆ ಮಾತ್ರ ಕೇಳುವ ಮಾತು

ನೌಬಾದದ ಓದುಗರೊಬ್ಬರು 15ನೇ ಶತಮಾನದ ಬಹಮನಿ ಸುರಂಗ ಬಾವಿಯ ಮೇಲೆ ಕಿರುಚಿತ್ರ ಮಾಡುತ್ತಿದ್ದಾರೆ. ಕಾಲರ್ ಮೈಕಿನಲ್ಲಿ ಹಿಡಿದ ಹಿರಿಯರ ಮಾತು ಫೋನಿನಲ್ಲಿ ಚೆನ್ನಾಗಿದೆ. ಇಯರ್‌ಫೋನ್ ಹಾಕಿದರೆ ಎಡಗಿವಿಗಷ್ಟೇ ಕೇಳುತ್ತದೆ. ಮೈಕ್ ಕೆಟ್ಟಿತೇ ಎಂಬುದು ಅವರ ಚಿಂತೆ.

ಕೆಟ್ಟಿಲ್ಲ.

ಒಂದೇ ಮೈಕಿನ ದನಿ ಸ್ಟೀರಿಯೊ ಫೈಲಿನ ಎಡ ಚಾನೆಲ್‌ನಲ್ಲಿ ಕೂತಿದೆ, ಬಲ ಖಾಲಿ. ಒಂದೇ ಸ್ಪೀಕರಿನ ಫೋನು ಎರಡನ್ನೂ ಕೂಡಿಸಿ ನುಡಿಸುವುದರಿಂದ ದೋಷ ಅಲ್ಲಿ ಬಚ್ಚಿಟ್ಟುಕೊಳ್ಳುತ್ತದೆ.

ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ಪಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಕ್ಲಿಪ್ ಆಟ್ರಿಬ್ಯೂಟ್ಸ್’ನ ಆಡಿಯೊ ವಿಭಾಗದಲ್ಲಿ ಸ್ಟೀರಿಯೊ ಬದಲು ಮೊನೊ ಆರಿಸಿ, ಮಾತಿರುವ ಚಾನೆಲ್ ಕೊಟ್ಟರೆ ದನಿ ನಡುವೆ ಬಂದು ನಿಲ್ಲುತ್ತದೆ. ಪ್ರೀಮಿಯರ್ ಪ್ರೊದಲ್ಲಿ ಇದೇ ಕೆಲಸಕ್ಕೆ ‘ಮಾಡಿಫೈ’ ಅಡಿಯ ‘ಆಡಿಯೊ ಚಾನೆಲ್ಸ್’ ಇದೆ. ಟೈಮ್‌ಲೈನಿಗೆ ಇಳಿಸುವ ಮೊದಲೇ ಬದಲಿಸುವುದು ಲೇಸು. ಇಳಿಸಿಯಾಗಿದ್ದರೆ ‘ಫಿಲ್ ರೈಟ್ ವಿತ್ ಲೆಫ್ಟ್’ ಎಫೆಕ್ಟ್ ಸಾಕು. ಅನೇಕರು ಪ್ಯಾನ್ ಗುಂಡಿ ತಿರುಗಿಸುತ್ತ ಕೂರುತ್ತಾರೆ. ಪ್ರೀಮಿಯರ್‌ನ ಸ್ಟೀರಿಯೊ ಕ್ಲಿಪ್ಪಿಗೆ ಅದು ಬರೀ ಬ್ಯಾಲೆನ್ಸ್, ಖಾಲಿ ಚಾನೆಲ್ ತುಂಬುವುದಿಲ್ಲ.

ಎರಡು ಮೈಕಿನ ವೈರ್‌ಲೆಸ್ ಸೆಟ್ಟಾದರೆ ಕತೆ ಬೇರೆ: ಎಡಕ್ಕೆ ಒಬ್ಬರ, ಬಲಕ್ಕೆ ಇನ್ನೊಬ್ಬರ ದನಿ ಇರಬಹುದು. ಆಗ ಎರಡು ಮೊನೊ ಟ್ರ್ಯಾಕಾಗಿ ಬಿಡಿಸಿ, ಒಂದೊಂದರ ಮಟ್ಟ ಬೇರೆಬೇರೆ ಹೊಂದಿಸಬೇಕು.

ಸುರಂಗದೊಳಗಿನ ನೀರಿನ ಸದ್ದನ್ನು ಸ್ಟೀರಿಯೊ ಮೈಕಿನಲ್ಲೇ ಹಿಡಿದಿದ್ದರೆ ಅದನ್ನು ಮಾತ್ರ ಮೊನೊ ಮಾಡದಿರಲಿ.