ಬಣ್ಣ ಬದಲಾದ ರೋಬೊ: ತಗೊಳ್ಳೋದಾ, ಬಿಡೋದಾ?

ಈ ಸಲ ಬಂದ ಕಾಗದಗಳೆಲ್ಲ ವಿಜಯಪುರ ಜಿಲ್ಲೆಯವು. ಕಾರು ಮಡಚಿದರೆ ಮನುಷ್ಯ, ಮನುಷ್ಯ ಮಡಚಿದರೆ ವಿಮಾನ ಆಗುವ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳನ್ನು ಕೂಡಿಡುವವರು ಅಲ್ಲಿ ಇಷ್ಟು ಮಂದಿ ಇದ್ದಾರೆಂದು ಪತ್ರಿಕೆಯವರೇ ಬೆರಗಾಗಿದ್ದಾರೆ. ಎಲ್ಲರ ತಲೆನೋವೂ ಒಂದೇ: ಬಣ್ಣ.

ಪ್ರಶ್ನೆ: ನಂದು ಲಿಂಬಿ ತೋಟ. ವಯಸ್ಸು ಮೂವತ್ತು ದಾಟ್ಯದ, ಆದ್ರೂ ಈ ರೋಬೊಗಳ ಹುಚ್ಚು ಬಿಟ್ಟಿಲ್ಲ. ನನ್ನ ಕಡೆ ಬೂದು ಬಣ್ಣದ ಸ್ಟಾರ್‌ಸ್ಕ್ರೀಮ್ ಅದ. ಪುಣೇದಾಗ ನೌಕರಿ ಮಾಡೋ ನಮ್ಮ ತಮ್ಮ ಸ್ಕೈವಾರ್ಪ್ ಅಂತ ಹೇಳಿ ಕಪ್ಪು ವಿಮಾನ ತಂದ. ತೆಗೆದು ನೋಡಿದ್ರ ಅದೇ ಕೈ, ಅದೇ ಕಾಲು, ಅದೇ ರೆಕ್ಕಿ. ಬಣ್ಣ ಅಷ್ಟೇ ಬ್ಯಾರೆ. ಕಂಪನಿಯವ್ರು ನಮ್ಮನ್ನ ಮಂಗ್ಯಾ ಮಾಡ್ಯಾರೇನು?
— ಓದುಗರು, ಇಂಡಿ

ಉತ್ತರ: ಇಲ್ಲ. ಈ ಆಟಿಕೆ ಹುಟ್ಟಿದ್ದೇ ಹೀಗೆ. ಜಪಾನಿನ ಟಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಸಾಲು ತಂದಿತ್ತು. ಅಮೆರಿಕದ ಹಾಸ್ಬ್ರೊ ಆ ಸಾಲಿನ ಮತ್ತು ಅದರ ಸೋದರ ಸಾಲಿನ ಗೊಂಬೆಗಳನ್ನು ಆರಿಸಿಕೊಂಡು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಮಾರುಕಟ್ಟೆಗೆ ಇಳಿಸಿತು. ಆ ಮೊದಲ ವರ್ಷವೇ ಒಂದು ಎಫ್-15 ವಿಮಾನದ ಅಚ್ಚಿನಿಂದ ಮೂವರು ಹೊರಬಂದರು: ಬೂದು ಬಣ್ಣದ ಸ್ಟಾರ್‌ಸ್ಕ್ರೀಮ್, ನೀಲಿ ಥಂಡರ್‌ಕ್ರ್ಯಾಕರ್, ಕಪ್ಪು-ನೇರಳೆ ಸ್ಕೈವಾರ್ಪ್.

ಕಾರಣ ಲೆಕ್ಕದ್ದು. ಕಾಸಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬುವ ಉಕ್ಕಿನ ಅಚ್ಚು ಮಾಡಿಸುವುದಕ್ಕೇ ದೊಡ್ಡ ಖರ್ಚು. ಅಚ್ಚು ಒಮ್ಮೆ ಕೈಗೆ ಬಂದರೆ ಪ್ಲಾಸ್ಟಿಕ್ಕಿಗೆ ಬೇರೆ ಬಣ್ಣ ಕಲಸುವುದು ಏನೂ ಅಲ್ಲ. ಹಾಗಂತ ಇದು ಬರೀ ಜಿಪುಣತನವಲ್ಲ. ಮಾರ್ವೆಲ್ ಕಾಮಿಕ್ಸ್‌ನ ಸಂಪಾದಕ ಬಾಬ್ ಬುಡಿಯಾನ್‌ಸ್ಕಿ ಈ ಗೊಂಬೆಗಳಲ್ಲಿ ಹೆಚ್ಚಿನವಕ್ಕೆ ಹೆಸರಿಟ್ಟು, ಒಂದೊಂದಕ್ಕೂ ಸ್ವಭಾವ ಬರೆದುಕೊಟ್ಟರು. ಸ್ಟಾರ್‌ಸ್ಕ್ರೀಮ್ ಒಡೆಯನ ಕುರ್ಚಿಯ ಮೇಲೆ ಕಣ್ಣಿಟ್ಟವನು. ಥಂಡರ್‌ಕ್ರ್ಯಾಕರ್‌ಗೆ ತನ್ನ ಪಕ್ಷದ ಮೇಲೇ ಅನುಮಾನ. ಸ್ಕೈವಾರ್ಪ್ ಇದ್ದಲ್ಲಿಂದ ಮಾಯವಾಗಿ ಇನ್ನೊಂದೆಡೆ ಎದ್ದು ಕೀಟಲೆ ಮಾಡುವವನು. ಮೂವರನ್ನೂ ಸಾಲಾಗಿ ನಿಲ್ಲಿಸಿದಾಗ ಮಜಾ ಬರುವುದೇ ಮೈ ಒಂದಾಗಿದ್ದು ಗುಣ ಬೇರೆಯಾಗಿರುವುದರಿಂದ.

ನಮ್ಮ ದೇಶದಲ್ಲೂ ಇದರ ಉದಾಹರಣೆ ಇದೆ. ಎಂಆರ್‌ಎಫ್ ಮತ್ತು ಹಾಸ್ಬ್ರೊ ಕೂಡಿ 1987ರಲ್ಲಿ ಆರಂಭಿಸಿದ ಫನ್‌ಸ್ಕೂಲ್, ಜಿ.ಐ. ಜೋ ಸೈನಿಕರನ್ನು ಹಾಸ್ಬ್ರೊದ ಅಚ್ಚುಗಳಲ್ಲೇ ಇಲ್ಲಿ ತಯಾರಿಸಿತು. ಬಣ್ಣ ಮಾತ್ರ ಎಷ್ಟೋ ಸಲ ಅಮೆರಿಕದಲ್ಲಿ ಬಂದದ್ದಕ್ಕಿಂತ ಬೇರೆ, ಕೆಲವಂತೂ ಕಣ್ಣು ಕುಕ್ಕುವಂಥವು. ನಾವು ಅಂಗಳದ ಮಣ್ಣಿನಲ್ಲಿ ಉರುಳಿಸಿ ಆಡಿ ಎಸೆದ ಆ ಸೈನಿಕರನ್ನು ಹೊರದೇಶದ ಸಂಗ್ರಾಹಕರು ಈಗ ಹುಡುಕಿ ಕೊಳ್ಳುತ್ತಾರೆ. ಅಟ್ಟದ ಮೇಲೆ ಇದ್ದರೆ ಒಮ್ಮೆ ನೋಡಿ.

ನಿಮ್ಮ ಸ್ಕೈವಾರ್ಪ್ ಇರಲಿ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಗೀರು ಬೇಗ ಕಾಣುತ್ತದೆ, ಇಂಡಿಯ ಧೂಳು ಅದಕ್ಕಿಂತ ಬೇಗ ಕಾಣುತ್ತದೆ. ಗಾಜಿನ ಕಪಾಟಿನಲ್ಲಿಡಿ.

ಪ್ರಶ್ನೆ: ನನ್ನ ಹತ್ರ ಟಕಾರಾ ಟೊಮಿಯ ಮಾಸ್ಟರ್‌ಪೀಸ್ ಸಾಲಿನ ಪ್ರೌಲ್ ಪೊಲೀಸ್ ಗಾಡಿ ಐತಿ. ದುಬೈದಾಗಿನ ಅಳಿಯಂದ್ರು ಸ್ಮೋಕ್‌ಸ್ಕ್ರೀನ್ ತರ್ಲಿ ಏನು ಅಂತ ಕೇಳ್ಯಾರ. ಅದೂ ಇದೂ ಒಂದೇ ಅಂತಾರ. ನಿಮ್ಮ ತೀರ್ಪು ಹೇಳ್ರಿ.
— ನಿವೃತ್ತ ಶಿಕ್ಷಕರು, ಬಸವನ ಬಾಗೇವಾಡಿ

ಉತ್ತರ: ಗುರುಗಳೇ, ನಿಮ್ಮ ಪ್ರೌಲ್ ಎಂಪಿ-17, ಅದರ ಬೆಳ್ಳಿಬಣ್ಣದ ತಮ್ಮ ಎಂಪಿ-18, ಸ್ಮೋಕ್‌ಸ್ಕ್ರೀನ್ ಎಂಪಿ-19. ಮೂರೂ 2013ರವು, ಮೂರರ ಮೈಯೂ ನಿಸಾನ್ ಫೇರ್‌ಲೇಡಿ ಕಾರಿನದು. 1984-85ರ ಹಳೇ ಆಟಿಕೆಗಳಲ್ಲೂ ಈ ಮೂವರು ಒಂದೇ ಮೂಲದವರಾಗಿದ್ದರು.

ಬಣ್ಣ ಬದಲಿಸಿದ ಆಟಿಕೆಯನ್ನು ವಿಮರ್ಶೆ ಮಾಡುವಾಗ ನಾನು ಮೊದಲು ಬಣ್ಣ ನೋಡುವುದಿಲ್ಲ, ಕೀಲು ನೋಡುತ್ತೇನೆ. ಒಂದೇ ಅಚ್ಚನ್ನು ಮತ್ತೆ ಮತ್ತೆ ಬಳಸಿದಾಗ ಅದು ಸವೆಯುತ್ತದೆ. ಆಮೇಲೆ ಬಂದ ಗೊಂಬೆಯಲ್ಲಿ ಸೊಂಟ ಸಡಿಲವಾಗಿರಬಹುದು, ಮೊಣಕಾಲು ನಿಲ್ಲದೆ ಇರಬಹುದು. ಕೆಲವೊಮ್ಮೆ ಇದಕ್ಕೆ ಉಲ್ಟಾ: ಮೊದಲ ಗೊಂಬೆಯಲ್ಲಿದ್ದ ದೋಷವನ್ನು ಎರಡನೆಯದರಲ್ಲಿ ತಿದ್ದಿರುತ್ತಾರೆ. ಹೀಗಾಗಿ ಅಳಿಯಂದಿರು ತಂದ ಕೂಡಲೇ ಎರಡನ್ನೂ ಒಂಟಿಗಾಲಿನಲ್ಲಿ ನಿಲ್ಲಿಸಿ ನೋಡಿ. ಯಾವುದು ಬೀಳುತ್ತದೋ ಅದರ ಕೀಲು ಸೋತಿದೆ.

ಎರಡನೆಯದಾಗಿ, ಬಣ್ಣ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಈ ಕಾರಿನ ಬಾನೆಟ್ ಎದೆಯಾಗುತ್ತದೆ, ಬಾಗಿಲುಗಳು ಬೆನ್ನ ಹಿಂದೆ ರೆಕ್ಕೆಗಳಂತೆ ಎದ್ದು ನಿಲ್ಲುತ್ತವೆ. ಪ್ರೌಲ್‌ನಲ್ಲಿ ಕಪ್ಪು-ಬಿಳುಪು, ಬಹಳ ಶಿಸ್ತು. ಆದರೆ ಬಿಳಿಯ ಮೇಲೆ ಮಡಿಕೆಯ ಗೆರೆಗಳೆಲ್ಲ ಕಪ್ಪಗೆ ಎದ್ದು ಕಾಣುತ್ತವೆ. ಸ್ಮೋಕ್‌ಸ್ಕ್ರೀನ್ ರೇಸಿನ ಗಾಡಿ: ನೀಲಿ, ಕೆಂಪು, ಮೈಮೇಲೆ 38ನೇ ನಂಬರು. ಈ ಅಬ್ಬರದಲ್ಲಿ ಗೆರೆಗಳು ಮುಚ್ಚಿಹೋಗುತ್ತವೆ. ಕಾರಾಗಿ ನಿಂತಾಗ ಮೂವರಲ್ಲಿ ನನಗೆ ಇದೇ ಮೆಚ್ಚು. ರೋಬೊ ಆಗಿ ನಿಂತಾಗ ಪ್ರೌಲ್‌ನ ಗತ್ತು ಇದಕ್ಕಿಲ್ಲ.

ಒಂದು ಕಡೆ ಹುಷಾರಾಗಿರಿ. ಚಿತ್ರ, ಅಂಕಿ ಜಾಸ್ತಿ ಇದ್ದಷ್ಟೂ ಮಡಚುವಾಗ ಉಜ್ಜಿ ಹೋಗುವ ಜಾಗಗಳೂ ಜಾಸ್ತಿ. ಬಾಗಿಲು ತಿರುಗಿಸುವಾಗ ಅಂಚು ಮೈಗೆ ತಾಗದಂತೆ ತುಸು ಹೊರಕ್ಕೆ ಎಳೆದು ತಿರುಗಿಸಿ. ತೀರ್ಪು: ಮೂರನ್ನೂ ಕೂಡಿಸುವ ಆಸೆ ಇದ್ದರೆ ತರಿಸಿ. ಒಂದೇ ಸಾಕು ಅನ್ನುವವರಾದರೆ ನಿಮ್ಮಲ್ಲಿರುವ ಪ್ರೌಲ್ ಸಾಕು.

ಪ್ರಶ್ನೆ: ಸೊಲ್ಲಾಪುರದಾಗ ಗುಜರಿಯವನ ಕಡೆ ಒಂದು ಹಳೇ ಆಪ್ಟಿಮಸ್ ಪ್ರೈಮ್ ಸಿಕ್ಕದ. ಕೆಂಪು ಭಾಳ ಹೊಳಿತದ. ಒರಿಜಿನಲ್ ಬಣ್ಣೋ, ಯಾರರೇ ಮ್ಯಾಲ ಹಚ್ಯಾರೋ ಗೊತ್ತಾಗವಲ್ದು. ಹ್ಯಾಂಗ ಗುರುತು ಹಿಡೀಬೇಕು?
— ಓದುಗರು, ಸಿಂದಗಿ

ಉತ್ತರ: "ಭಾಳ ಹೊಳಿತದ" ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಆ ಕಾಲದ ಗೊಂಬೆಗಳಲ್ಲಿ ಹೆಚ್ಚಿನ ಬಣ್ಣ ಪ್ಲಾಸ್ಟಿಕ್ಕಿನಲ್ಲೇ ಕಲಸಿದ್ದು, ಮೇಲೆ ಹಚ್ಚಿದ್ದಲ್ಲ. ಹಳೇ ಪ್ಲಾಸ್ಟಿಕ್ಕಿಗೆ ಮಂದ ಹೊಳಪಿರುತ್ತದೆ, ಎಣ್ಣೆಬಣ್ಣದ ಬಾಗಿಲಿನ ಮಿಂಚು ಇರುವುದಿಲ್ಲ.

ಬಿಸಿಲಿಗೆ ತಂದು, ಭೂತಗನ್ನಡಿ ಹಿಡಿದು ನೋಡಿ. ಮೊದಲು ಸ್ಕ್ರೂಗಳ ತಲೆ. ಬಿಚ್ಚದೆ ಬಣ್ಣ ಹಚ್ಚಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಸ್ಕ್ರೂವಿನ ಸೀಳಿನಲ್ಲಿ ಕೆಂಪು ಗಟ್ಟಿಯಾಗಿ ಕೂತಿರುತ್ತದೆ. ಆಮೇಲೆ ತೋಳನ್ನು ಪೂರ್ತಿ ತಿರುಗಿಸಿ ಒಳಮೈ ನೋಡಿ. ಹೊರಗೆ ಒಂದು ಕೆಂಪು, ಒಳಗೆ ಇನ್ನೊಂದು ಕೆಂಪು ಇದ್ದರೆ ಯಾರೋ ಹಚ್ಚಿದ್ದು. ಸ್ಟಿಕರಿನ ಅಂಚನ್ನೂ ನೋಡಿ. ಸ್ಟಿಕರ್ ಬಿಡಿಸದೆ ಸುತ್ತ ಹಚ್ಚಿದ್ದರೆ ಅಂಚಿನಲ್ಲಿ ಸಣ್ಣ ದಿಬ್ಬ ಏಳುತ್ತದೆ, ಉಗುರಿಗೆ ಸಿಗುತ್ತದೆ. ಕೊನೆಗೆ ಮೈಮೇಲೆ ಒತ್ತಿದ ಸಣ್ಣ ಅಕ್ಷರಗಳು, ಕಂಪನಿಯ ಹೆಸರು ಮತ್ತು ಇಸವಿ. ಬಣ್ಣ ಹಚ್ಚಿದ ಗೊಂಬೆಯಲ್ಲಿ ಆ ಅಕ್ಷರಗಳ ಮೂಲೆಗಳು ತುಂಬಿಕೊಂಡು ಮೊಂಡಾಗಿರುತ್ತವೆ.

ಆ ಇಸವಿಯನ್ನು ನೋಡಿ ಹಿಗ್ಗಬೇಡಿ. ಅದು ಗೊಂಬೆ ತಯಾರಾದ ವರ್ಷವಲ್ಲ, ಅಚ್ಚಿನ ವರ್ಷ. ಹಳೇ ಅಚ್ಚಿನಿಂದ ಎಷ್ಟೋ ವರ್ಷದ ಮೇಲೆ ತೆಗೆದ ಗೊಂಬೆಯಲ್ಲೂ ಹಳೇ ಇಸವಿಯೇ ಇರಬಹುದು. ನಕಲಿ ಮಾಡುವವರು ಅಸಲಿ ಗೊಂಬೆಯಿಂದಲೇ ಅಚ್ಚು ತೆಗೆದರೆ ಇಸವಿಯೂ ನಕಲಾಗುತ್ತದೆ. 1985ರ ಹೊತ್ತಿಗೆ ಹಾಸ್ಬ್ರೊ ಬೆರಳಿನಿಂದ ಉಜ್ಜಿದರೆ ಗುರುತು ಮೂಡುವ, ಶಾಖಕ್ಕೆ ಬಣ್ಣ ಬದಲಿಸುವ ಸ್ಟಿಕರ್ ಹಾಕತೊಡಗಿದ್ದು ಈ ನಕಲಿಗಳ ಕಾಟಕ್ಕೇ. 1984ರ ಮೊದಲ ಗೊಂಬೆಗಳಲ್ಲಿ ಅದು ಇರಲಿಲ್ಲ. ಅದಿಲ್ಲ ಎಂಬ ಒಂದೇ ಕಾರಣಕ್ಕೆ ನಕಲಿ ಅನ್ನಲೂ ಬೇಡಿ.

ಯಾರೋ ಹಚ್ಚಿದ್ದೇ ಎಂದು ಖಾತ್ರಿಯಾದರೆ ಸಂಗ್ರಾಹಕರ ಬೆಲೆ ಕೊಡಬೇಡಿ, ಆಟಿಕೆಯ ಬೆಲೆ ಕೊಡಿ. ಮನೆಗೆ ತಂದು ಉಗುರುಬಣ್ಣ ತೆಗೆಯುವ ದ್ರಾವಣದಿಂದ ಒರೆಸಲು ಹೋಗಲೇಬೇಡಿ. ಅದರಲ್ಲಿರುವ ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಬಣ್ಣದ ಜೊತೆ ಮೂಗೂ ಹೋದೀತು.

ಪ್ರಶ್ನೆ: ನಾನು ಐಟಿಐ ವಿದ್ಯಾರ್ಥಿ. ನನ್ನ ಬಂಬಲ್‌ಬೀಗೆ ಕೆಂಪು ಸ್ಪ್ರೇ ಹೊಡೀಬೇಕಂತ ಮಾಡೀನಿ. ನಡೀತೈತೇನ್ರಿ?
— ಓದುಗರು, ಮುದ್ದೇಬಿಹಾಳ

ಉತ್ತರ: ಕೆಂಪು ಬಂಬಲ್‌ಬೀಯನ್ನು 1984ರಲ್ಲಿ ಕಂಪನಿಯೇ ಮಾರಿದೆ, ಅದರ ಜೊತೆಯ ರೋಬೊ ಕ್ಲಿಫ್‌ಜಂಪರನ್ನು ಹಳದಿಯಲ್ಲೂ ಮಾರಿದೆ. ನಿಮ್ಮ ವಿಚಾರಕ್ಕೆ ಪೂರ್ವಜರಿದ್ದಾರೆ! ಆದರೆ ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲೆ ನಿಂತು ಹೊಡೆಯಬೇಡಿ. ನಿಮ್ಮ ಕಡೆಯ ಒಣ ಬಿಸಿಗಾಳಿಯಲ್ಲಿ ಬಣ್ಣದ ಹನಿ ಗೊಂಬೆಯನ್ನು ಮುಟ್ಟುವ ಮೊದಲೇ ಒಣಗಿ, ಮೈಯೆಲ್ಲ ಹಿಟ್ಟು ಉದುರಿಸಿದಂತೆ ತರಿತರಿ ಆಗುತ್ತದೆ. ಗಾಳಿ ಏಳುವ ಮುಂಚೆ, ಬೆಳಗಿನ ತಂಪಿನಲ್ಲಿ, ಗಾಳಿಯಾಡುವ ನೆರಳಿನಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಹೊಡೆಯಿರಿ. ಪೂರ್ತಿ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ತೆಳ್ಳಗೆ ಎರಡು-ಮೂರು ಪದರ ಹಚ್ಚಿ.

ಕೀಲಿನ ಗುಂಡು, ಗೂಟ, ಒಂದರೊಳಗೊಂದು ಜಾರುವ ಭಾಗ, ಇವಕ್ಕೆ ಬಣ್ಣ ಬೇಡ. ಪದರ ಎಷ್ಟೇ ತೆಳ್ಳಗಿದ್ದರೂ ಕೀಲು ಬಿಗಿಯಾಗುತ್ತದೆ. ಬಲವಂತ ಮಾಡಿದರೆ ಗೂಟ ಮುರಿಯುತ್ತದೆ, ಇಲ್ಲವಾದರೆ ಬಣ್ಣ ಸಿಪ್ಪೆ ಏಳುತ್ತದೆ. ಇನ್ನೂ ಒಂದು: ಮುಂದೆ ಮಾರುವುದಾದರೆ "ಬಣ್ಣ ನಾನು ಹಚ್ಚಿದ್ದು" ಎಂದು ಹೇಳಿಯೇ ಮಾರಿ.

ಪ್ರಶ್ನೆ: ಶ್ರಾವಣದ ಜಾತ್ರ್ಯಾಗ ಮಗನಿಗೆ ರೋಬೊ ಗಾಡಿ ಕೊಡಿಸಿದ್ವಿ. ಎರಡು ದಿನಕ್ಕ ಬಣ್ಣ ಕೈಗೆ ಹತ್ತಾಕ ಹತ್ತೈತಿ. ಸಣ್ಣ ಹುಡುಗ, ಬಾಯಿಗೂ ಇಟ್ಕೋತಾನ.
— ಒಬ್ಬ ತಾಯಿ, ಬಸವನ ಬಾಗೇವಾಡಿ

ಉತ್ತರ: ತಾಯಿ, ಇವತ್ತೇ ತೆಗೆದಿಡಿ. ತೊಳೆದು ಮತ್ತೆ ಕೊಡುವುದೂ ಬೇಡ. ಅಗ್ಗದ ಬಣ್ಣದಲ್ಲಿ ಸೀಸ ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಮಕ್ಕಳ ಮಿದುಳಿಗೆ ಸೀಸ ಕೆಟ್ಟದ್ದು. ನಮ್ಮಲ್ಲಿ 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬಿಯ ಮೇಲೆ ಆ ಗುರುತು ಮತ್ತು ಅದರ ಜೊತೆ ಪರವಾನಗಿ ಸಂಖ್ಯೆ ಇದೆಯೇ ನೋಡಿ ಕೊಳ್ಳಿ. ಮನೆಯ ಬಾಗಿಲು-ಕಿಟಕಿಗೆ ತಂದ ಹಳೇ ಎಣ್ಣೆಬಣ್ಣವನ್ನು ಮಕ್ಕಳ ಆಟಿಕೆಗೆ ಹಚ್ಚುವವರಿಗೂ ಇದೇ ಮಾತು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಡಬ್ಬಿ ಮೂಲೆಯಲ್ಲಿದ್ದರೆ ಅದನ್ನು ಆಟಿಕೆಯ ಹತ್ತಿರ ತರಬೇಡಿ.

ಪ್ರಶ್ನೆ: ರೋಬೊ ಅಲ್ರಿ, ಅಜ್ಜಿ ಕಾಲದ ಕಿನ್ನಾಳ ಗೊಂಬಿ ಅದ. ಬಣ್ಣ ಮಾಸ್ಯದ. ಹೊಸ ಬಣ್ಣ ಹಚ್ಚಿಸಿದ್ರ ಜಾಸ್ತಿ ರೊಕ್ಕ ಬರ್ತದ ಅಂತ ಒಬ್ಬ ವ್ಯಾಪಾರಿ ಅಂದ. ಖರೇನಾ?
— ಓದುಗರು, ಸಿಂದಗಿ

ಉತ್ತರ: ಸುಳ್ಳು. ಪ್ಲಾಸ್ಟಿಕ್ ರೋಬೊಗೆ ಅಚ್ಚು ಇರುತ್ತದೆ, ಮತ್ತೊಂದು ಮಾಡಬಹುದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಗೊಂಬೆಗೆ ಅಚ್ಚಿಲ್ಲ. ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಭಾಗ ಕೂಡಿಸಿ, ಮೇಲೆ ಲೇಪ ಕೊಟ್ಟು ಬಣ್ಣ ಬರೆದದ್ದು. ಕಣ್ಣಿನ ರೆಪ್ಪೆ, ಸೀರೆಯ ಅಂಚು ಒಬ್ಬ ಮನುಷ್ಯನ ಕೈಗೆರೆಗಳು. ಅದರ ಮೇಲೆ ಎನಾಮಲ್ ಬಳಿದರೆ ಆ ಕೈ ಅಳಿಸಿಹೋಯಿತು.

ಊರ ದ್ಯಾಮವ್ವನ ಕಟ್ಟಿಗೆ ಮೂರ್ತಿಗೆ ಜಾತ್ರೆಯ ಮುಂಚೆ ಹೊಸ ಬಣ್ಣ ಹಚ್ಚಿಸುತ್ತಾರಲ್ಲ ಅಂತ ನೀವು ಕೇಳಬಹುದು. ಅದು ಪೂಜೆಯ ಮೂರ್ತಿ. ಬಣ್ಣ ಏರಿಸುವುದೇ ಅಲ್ಲಿ ಸಂಪ್ರದಾಯ, ಮಾರುವ ಮಾತಿಲ್ಲ. ನಿಮ್ಮ ಗೊಂಬೆಯ ಧೂಳನ್ನು ಒಣ ಮೆತ್ತನೆ ಕುಂಚದಿಂದ ಝಾಡಿಸಿ. ನೀರು ತಾಗಿಸಬೇಡಿ, ಲೇಪ ಬಿಟ್ಟುಕೊಂಡೀತು. ದುರಸ್ತಿ ಬೇಕೇ ಬೇಕೆಂದರೆ ಕಿನ್ನಾಳಕ್ಕೇ ಒಯ್ದು ಚಿತ್ರಗಾರರ ಮನೆಯಲ್ಲಿ ಕೇಳಿ, ವ್ಯಾಪಾರಿಯ ಕೈಗೆ ಕೊಡಬೇಡಿ.

ಓದುಗರಲ್ಲಿ ಒಂದು ವಿನಂತಿ: ಆಟಿಕೆಯನ್ನೇ ಅಂಚೆಯಲ್ಲಿ ಕಳಿಸಬೇಡಿ, ದಾರಿಯಲ್ಲಿ ಕೈಕಾಲು ಮುರಿಯುತ್ತವೆ. ಹಗಲು ಬೆಳಕಿನಲ್ಲಿ ತೆಗೆದ ಫೋಟೊ ಸಾಕು: ಮುಂಬದಿ, ಹಿಂಬದಿ, ಸ್ಕ್ರೂ ಇರುವ ಒಳಮೈ, ಮತ್ತು ಇಸವಿ ಒತ್ತಿದ ಜಾಗ ಹತ್ತಿರದಿಂದ. ಡಬ್ಬಿ ಇದ್ದರೆ ಅದರದ್ದೂ ಒಂದು.